ಅವ್ವ ನಡದ್ರ ಯಾರಿಗೆ ಫಾಯ್ದೆ

ನಾ ಮಸ್ಕ್ಯಾಗ ಹೈಸ್ಕೂಲಿನ ಪಿ.ಟಿ. ಟೀಚರ್ ಅದೀನಿ. ಇದನ್ನ ಮೊದಲ ಹೇಳಿಬಿಡ್ತೀನಿ, ಯಾಕಂದ್ರ ಹಿಂಗ ಅಂದಕೂಡ್ಲೆ ಮಂದಿ ಮಾರಿ ಮ್ಯಾಲ ಒಂದು ಥರದ ನಗಿ ಬರ್ತೈತಿ. ಗಣಿತದ ಮಾಸ್ತರು ಅಂದ್ರ ಕೈ ಮುಗೀತಾರ, ಇಂಗ್ಲಿಷ್ ಟೀಚರ್ ಅಂದ್ರ ಮಕ್ಕಳಿಗೆ ಟ್ಯೂಶನ್ ಹೇಳ್ತೀರೇನು ಅಂತ ಕೇಳ್ತಾರ, ಪಿ.ಟಿ. ಅಂದ್ರ, "ಓ, ಸೀಟಿ ಊದೋದಾ? ಆರಾಮ ಬಿಡ್ರಿ" ಅಂತಾರ. ಆರಾಮ ಅಂತ! ನಮ್ಮ ಕಡಿ ಬಿಸಲಾಗ, ಜಾಲಿಮುಳ್ಳು ಬಿದ್ದ ಮೈದಾನದಾಗ ಹುಡುಗ್ಯಾರನ್ನ ಖೊಖೊ ಆಡ್ಸಿ ನೋಡ್ರಿ, ಆರಾಮ ಅಂದ್ರ ಏನಂತ ತಿಳೀತೈತಿ. ಪರೀಕ್ಷಿ ಹತ್ರ ಬಂತಂದ್ರ ಎಲ್ಲಾರ ಕಣ್ಣೂ ನನ್ನ ಪೀರಿಯಡ್ ಮ್ಯಾಲ. "ಪೋರ್ಷನ್ ಉಳದೈತ್ರಿ, ನಿಮ್ಮ ಪೀರಿಯಡ್ ಕೊಡ್ರಿ, ಏನಾಗ್ತೈತಿ?" ಅಂತ ನಕ್ಕೋಂತ ಕೇಳ್ತಾರ. ನಾ ಕೊಡಂಗಿಲ್ಲ. ಅದಕ್ಕ ಸ್ಟಾಫ್ ರೂಮಿನ್ಯಾಗ ನನಗ ಜಗಳಗಂಟಿ ಅಂತ ಹೆಸರು ಬಂದೈತಿ. ಬರ್ಲಿ.

ನಮ್ಮ ಕಡಿ ನಡಕೊಂಡು ಹೋಗೋದಂದ್ರ ಮನ್ಯಾಗ ಏನೋ ಕಡಿಮಿ ಬಿದ್ದೈತಿ ಅಂತ ಅರ್ಥ. ನಾ ಸಾಲಿಗೆ ದಿನಾ ನಡಕೊಂಡ ಹೋಗ್ತೀನಿ. ಹೋದಾಗೊಮ್ಮೆ ಯಾರರ ಒಬ್ರು ಗಾಡಿ ನಿಲ್ಲಿಸಿ, "ಟೀಚರ್, ಸ್ಕೂಟಿ ಕೆಟ್ಟೈತೇನ್ರಿ?" ಅಂತ ಕೇಳ್ತಾರ. ಕೆಟ್ಟಿಲ್ರೀ, ಮನ್ಯಾಗ ನಿಂತೈತಿ ಅಂದ್ರ ನಂಬಂಗಿಲ್ಲ. "ಸಂಕೋಚ ಮಾಡಬ್ಯಾಡ್ರಿ, ಹತ್ರಿ" ಅಂತಾರ. ಒಲ್ಲೆ ಅಂದ್ರ ಸಿಟ್ಟಾಗ್ತಾರ. ಒಂದ್ಸಲ ಕಿರಾಣಿ ಅಂಗಡಿಯವರೊಬ್ರು ನಮ್ಮ ಹೆಡ್ ಮಾಸ್ತರ ಮುಂದ, "ಟೀಚರಿಗೆ ಪಗಾರ ಆಗಿಲ್ಲೇನ್ರಿ, ಪಾಪ?" ಅಂತ ಕೇಳಿದ್ರಂತ. ಪೆಟ್ರೋಲ್ ಸುಡಲಾರ್ದ ಮನುಷ್ಯರನ್ನ ಕಂಡ್ರ ಈ ಊರಿಗೆ ಯಾಕ ಇಷ್ಟು ಸಂಕಟ ಆಗ್ತೈತೋ ನನಗ ಇನ್ನೂ ತಿಳದಿಲ್ಲ.

ಊರಿಗೆ ಉತ್ತರ ಕೊಡಾಕ ನನಗ ಬರ್ತೈತಿ. ಉತ್ತರ ಕೊಡಾಕ ಬರಲಾರ್ದ್ದು ನಮ್ಮವ್ವಗ.

ನಮ್ಮವ್ವ ಗೊರೇಬಾಳದ ಕಡಿ ನೆಲ್ಲಿನ ಗದ್ದ್ಯಾಗ ನಾಟಿ ಹಚ್ಚಿ ನನ್ನ ಸಾಕಿದಾಕಿ. ಅಪ್ಪ ನಾ ಸಣ್ಣಾಕಿದ್ದಾಗ ತೀರಿಕೊಂಡ. ಕೂಲಿಯವರನ್ನ ಕರಕೊಂಡು ಹೋಗಾಕ ಆಗ ಗಾಡಿ ಬರ್ತಿರ್ಲಿಲ್ಲ, ಕಾಲುವಿ ದಂಡಿ ಹಿಡದು ನಡಕೊಂಡ ಹೋಗ್ಬೇಕು. ಹೊಲ ಯಾರದು, ಎಷ್ಟು ದೂರ, ಅದು ಅಕಿ ಕೈಯಾಗಿಲ್ಲ; ಸಾವ್ಕಾರ ಎಲ್ಲಿ ಅಂತಾನೋ ಅಲ್ಲಿಗೆ. ಹೋಗಿ ಕೆಸರಾಗ ಬಗ್ಗಿ ನಿಂತ್ರ ಹೊತ್ತು ಇಳಿಯೋತನ ಬಗ್ಗೇ ಇರೋದು, ಆಮ್ಯಾಲ ಅಷ್ಟೂ ದಾರಿ ಹೊಳ್ಳಿ ನಡಿಯೋದು. ನಾಟಿ ದಿನದಾಗ ಅಕಿ ಕಾಲ್ಬೆರಳಿನ ಸಂದು ಕೊಳೀತಿದ್ವು. ಸಂಜಿಕೆ ಒಲಿ ಮುಂದ ಕುಂತು ಅರಿಷಿಣ ಎಣ್ಣಿ ಹಚ್ಕೊಂಡು ತುಟಿ ಕಚ್ಚಿ ಹಿಡೀತಿದ್ಳು. "ನೀ ಖುರ್ಚ್ಯಾಗ ಕುಂದ್ರೋ ನೌಕರಿ ಹಿಡಿಯಬೇ" ಅಂತಿದ್ಳು ನನಗ. ನಾ ಹಿಡದದ್ದು ಓಡೋ ನೌಕರಿ. ಅದಕ್ಕ ಅಕೀಗೆ ಇನ್ನೂ ಒಂದೀಟು ಬ್ಯಾಸರ ಐತಿ.

ನೌಕರಿ ಆದ ಮ್ಯಾಲ ಮಸ್ಕ್ಯಾಗ ಸಣ್ಣದೊಂದು ಮನಿ ಕಟ್ಟಿಸಿ ಅವ್ವನ್ನ ಕರಕೊಂಡು ಬಂದೆ. ಬಂದ ದಿನಾನ ಅಕಿ ಪಡಸಾಲ್ಯಾಗ ಖುರ್ಚಿ ಹಾಕ್ಕೊಂಡು ಕುಂತ್ಳು. ಕುಂತಾಕಿ ಮತ್ತ ಏಳಲಿಲ್ಲ ಅಂತ ತಿಳ್ಕೋರಿ. ಚಾ ಅಲ್ಲೇ, ಊಟ ಅಲ್ಲೇ, ಓಣಿ ಹೆಣ್ಮಕ್ಕಳ ಜೋಡಿ ಮಾತೂ ಅಲ್ಲೇ. ಕಾಲು ಚಾಚಿ ಕುಂತ್ರ ಥೇಟ್ ಸಾವ್ಕಾರ್ತಿ. ಹುಣ್ಣಿವಿಗೆ ಬುದ್ಧವಿಹಾರಕ್ಕ ಹೋಗ್ಬೇಕಂದ್ರೂ, ಇಲ್ಲೇ ಮುಂದಿನ ಓಣ್ಯಾಗ ಇರೋ ಜಾಗಕ್ಕ, ಆಟೋ ಕರಿ ಅಂತಿದ್ಳು. ನಾ ಕರೀತಿದ್ದೆ. ಅಷ್ಟು ವರ್ಷ ನಡದಾಳ, ಈಗರ ಗಾಡ್ಯಾಗ ಕುಂದ್ರಲಿ ಬಿಡು ಅಂತ ನನಗೂ ಖುಷೀನ ಆಗ್ತಿತ್ತು. ಅಕಿ ಆಟೋದಾಗ ಸೆರಗು ಸರಿ ಮಾಡ್ಕೊಂಡು ಕುಂತು ಹಾದಿ ಮ್ಯಾಲಿನ ಮಂದೀನ ನೋಡೋ ಚಂದ ನೋಡಬೇಕಿತ್ತು.

ಆಮ್ಯಾಲ ಶುಗರ್ ಬಂತು. ಹೆಬ್ಬೆರಳಿಗೆ ಒಂದು ಗಾಯ ಆತು, ವಾರ ಕಳದ್ರೂ ಮಾಯಲಿಲ್ಲ, ತಿಂಗಳು ಕಳದ್ರೂ ಮಾಯಲಿಲ್ಲ. ಸಿಂಧನೂರಿನ ದವಾಖಾನಿಗೆ ಕರಕೊಂಡು ಹೋದೆ. ಡಾಕ್ಟರ್ ಪಾದ ಒತ್ತಿ ಒತ್ತಿ ನೋಡಿದ್ರು, ಸೂಜಿ ಮೊನಿ ಹಚ್ಚಿ ಗೊತ್ತಾಗ್ತೈತೇನು ಅಂತ ಕೇಳಿದ್ರು, ಆಮ್ಯಾಲ ನನ್ನ ಹೊರಗ ಕರದು ಹೇಳಿದ್ರು: "ಗಾಯ ಮಾಯೋತನ ಕಾಲು ಜ್ವಾಕಿ ಮಾಡ್ರಿ. ಮಾಯ್ದ ಮ್ಯಾಲ ಈಕಿ ದಿನಾ ನಡೀಬೇಕು. ಬರೇ ಗುಳಿಗಿ ನುಂಗಿ ಹಿಂಗ ಕುಂತ್ರ ಶುಗರ್ ಇಳಿಯಂಗಿಲ್ಲ. ಇವತ್ತು ಗಾಯ, ನಾಳೆ ಬೆರಳು, ಮುಂದ ಕಾಲ ತೆಗೀಬೇಕಾದ್ರೂ ಆಗಬಹುದು." ಒಳಗ ಅವ್ವ ಬೆಡ್ ಮ್ಯಾಲ ಕುಂತು ನರ್ಸ್ ಜೋಡಿ ನಕ್ಕೋಂತ ಮಾತಾಡಾಕತ್ತಿದ್ಳು.

ಗಾಯ ಹೆಂಗೋ ಮಾಯಿತು. ನಡಿಯೋದು ಮಾತ್ರ ಸುರು ಆಗಲಿಲ್ಲ.

"ಯವ್ವಾ, ಮುಂಜಾನೆ ಒಂದೀಟು ತಿರುಗ್ಯಾಡಿ ಬರೋಣ ನಡಿ."

"ನೀ ಹೋಗಿ ಬಾ."

"ಡಾಕ್ಟರ್ ಏನಂದಾರ, ನೆನಪೈತಿಲ್ಲ?"

"ಅವ್ರೇನು, ಅಂತಾರ. ಅವ್ರು ಒಂದು ದಿನಾನರ ನಾಟಿ ಹಚ್ಯಾರೇನು?"

"ಕಾಲು ಹೋಗ್ತಾವಬೇ!"

"ಹೋದ್ರ ಹೋಗ್ಲಿ. ಭಾಳ ದುಡದಾವ."

ಹೋದ್ರ ಹೋಗ್ಲಿ ಅಂತ, ಹರಕ ಚಪ್ಪಲಿ ಮಾತು ಮಾತಾಡಿದಂಗ! ಬೈದೆ, ಅತ್ತೆ, ಓಣಿಯಾಗ ಶುಗರ್ ಇದ್ದವರನ್ನ ಕರಕೊಂಡು ಬಂದು ಅವರ ಕಡಿಂದ ಹೇಳ್ಸಿದೆ. ಅವ್ರು ಬಂದು ಅಕಿ ಪಕ್ಕದಾಗ ಇನ್ನೊಂದು ಖುರ್ಚಿ ಹಾಕ್ಕೊಂಡು ಕುಂತು ಚಾ ಕುಡದು ಹೋದ್ರು. ಸಿಂಧನೂರಿಗೆ ತಪಾಸಣಿಗೆ ಹೋಗ್ಬೇಕಂದ್ರ ನಾ ರಜಾ ಹಾಕ್ಬೇಕು, ಬಸ್ಸಿಗೆ ನಿಲ್ಲಬೇಕು, ರಕ್ತಕ್ಕ ಒಂದ್ಸಲ, ರಿಪೋರ್ಟಿಗೆ ಒಂದ್ಸಲ, ಆಮ್ಯಾಲ ಗುಳಿಗಿ ಅಂಗಡಿ. ಆ ದಿನ ಸಾಲ್ಯಾಗ ನನ್ನ ಪೀರಿಯಡ್ ಗಣಿತದ ಮಾಸ್ತರ ಪಾಲು. ನನ್ನ ಪಗಾರ, ನನ್ನ ಹೊತ್ತು, ಹುಡುಗ್ಯಾರ ಆಟ, ಎಲ್ಲಾ ಆ ಖುರ್ಚಿಗೆ ಹೋಗಾಕತ್ತಿತ್ತು. ಊರ ಮಕ್ಕಳನ್ನೆಲ್ಲಾ ಓಡಸ್ತೀನಿ, ಹೆತ್ತವ್ವನ್ನ ಬಾಗಲತನ ನಡಸಾಕ ಆಗ್ಲಿಲ್ಲ.

ಅಂಥಾದ್ರಾಗ ಲಿಂಗಸುಗೂರಿನಾಗ ಸರ್ಕಾರಿ ಸಾಹೇಬ್ರು ಒಂದು ನಡಿಗಿ ಜಾಥಾ ಇಟ್ಕೊಂಡ್ರು. ಜಾಥಾ ಮುಗದ ಮ್ಯಾಲ ಸಭಾ. "ಜನರ ದೈಹಿಕ ಚಟುವಟಿಕೆಯಿಂದ ನಾಡಿಗೆ ಆಗುವ ಆರ್ಥಿಕ ಲಾಭ" ಅಂತ ವಿಷಯ ಕೊಟ್ಟು, ನೀವ ಮಾತಾಡ್ಬೇಕ್ರಿ ಅಂತ ನನಗ ಫೋನ್ ಮಾಡಿದ್ರು. ಕ್ರೀಡಾಕೂಟದಾಗ ಸುಣ್ಣದ ಗೆರಿ ಹೊಡಿಯಾಕ ನನ್ನ ಕರೀತಾರ, ಮೈಕ್ ಹಿಡಿಯಾಕ ಎಂದೂ ಕರದಿಲ್ಲ. ಹುರುಪು ಬಂತು ಬಿಡ್ರಿ. ಐತವಾರ ಮುಂಜಾನೆ ಕಾಗದ ಹಿಡಕೊಂಡು ಪಡಸಾಲ್ಯಾಗ ನಿಂತು ಜೋರಾಗಿ ರೂಢಿ ಮಾಡಾಕತ್ತಿದ್ದೆ.

"ಮಾನ್ಯರೇ, ಜನ ದಿನವೂ ನಡೆದರೆ ಕಾಯಿಲೆ ಕಡಿಮೆಯಾಗುತ್ತದೆ. ಕಾಯಿಲೆ ಕಡಿಮೆಯಾದರೆ ಆಸ್ಪತ್ರೆಯ ಖರ್ಚು ಉಳಿಯುತ್ತದೆ. ಕೆಲಸ ತಪ್ಪುವುದಿಲ್ಲ. ದುಡಿಮೆ ಹೆಚ್ಚುತ್ತದೆ. ಇದರಿಂದ ನಾಡಿಗೆ ಲಾಭವಾಗುತ್ತದೆ."

"ಯಾರಿಗೆ ಲಾಭ ಅಂದಿ?" ಅವ್ವ ಖುರ್ಚ್ಯಾಗಿಂದ ಕೇಳಿದ್ಳು.

"ನಾಡಿಗೆ."

"ನಾಡು ಅಂದ್ರ ಯಾರು?"

"ಎಲ್ಲಾರೂನಬೇ. ನಾನು, ನೀನು, ಎಲ್ಲಾರೂ."

ಅವ್ವ ಚಾ ಕಪ್ಪು ಕೆಳಗಿಟ್ಳು. "ನಾ ಅಷ್ಟು ವರ್ಷ ಕಾಲುವಿ ದಂಡಿ ಗುಂಟ ನಡದೆನಲ್ಲ, ಒಂದು ದಿನಾನರ ಕುಂತೀನೇನು? ಆ ನಡದದ್ದರ ಫಾಯ್ದೆ ಯಾರಿಗೆ ಹೋತು? ಸಾವ್ಕಾರ ಮನಿ ಮ್ಯಾಲ ಮನಿ ಏರಿಸಿದ. ಕುಂತಲ್ಲೇ ಕುಂತು ಏರಿಸಿದ. ನಾ ನಡದು ನಡದು ಮನಿಗೆ ಏನ್ ತಂದೆ? ಕೊಳತ ಬೆರಳು ತಂದೆ. ಈಗ ಮತ್ತ ನಡಿ ಅಂತೀರಿ. ನಡದ್ರ ನಾಡಿಗೆ ಲಾಭ ಅಂತೀರಿ. ಸಾಕಾಗಿಲ್ಲೇನು ನಿಮ್ಮ ನಾಡಿಗೆ?"

"ಅದು ಬ್ಯಾರೆ, ಇದು ಬ್ಯಾರೆ. ಅದು ಕೂಲಿ, ಇದು ವ್ಯಾಯಾಮ."

"ಕಾಲಿಗೆ ಏನ್ ಗೊತ್ತಾಗ್ತೈತಿ?" ಅಂದ್ಳು.

ನನಗ ನೆತ್ತಿಗೇರಿತು. "ಹೌದು, ನಿನ್ನ ಕಾಲು ಅರ್ಧ ಸಾವ್ಕಾರ ತಿಂದ. ಉಳದರ್ಧ ನೀನ ತಿನ್ನಾಕತ್ತೀದಿ, ಆ ಖುರ್ಚ್ಯಾಗ ಕುಂತು!" ಅಂದೆ. ಅವ್ವ ಮಾರಿ ಆ ಕಡಿ ತಿರುವಿದ್ಳು. ಅಂದ ಮಾತು ಸುಳ್ಳಲ್ಲ ಅಂತ ನನಗ ಇವತ್ತಿಗೂ ಅನಸ್ತೈತಿ. ಆದ್ರ ಅಕಿ ಕೇಳಿದ್ದೂ ಸುಳ್ಳಲ್ಲ, ಅದು ಮುಳ್ಳಿನಂಗ ಒಳಗ ಉಳೀತು.

ಲಿಂಗಸುಗೂರಿಗೆ ಹೋದೆ. ನಡಿಗಿ ಜಾಥಾಕ್ಕ ಬಂದವರ ಗಾಡಿ ನಿಲ್ಲಿಸಾಕ ಅಲ್ಲಿ ಜಾಗಾ ಸಾಲಲಿಲ್ಲ! ಕಾರು, ಜೀಪು, ಬೈಕು, ಹಾದಿ ತುಂಬ ಗಾಡಿ. ದೊಡ್ಡ ಮಂದಿ ಬ್ಯಾನರ್ ಹಿಡದು ಫೋಟೋ ತೆಗಸ್ಕೊಂಡ್ರು, ಮೊದಲನೇ ಸರ್ಕಲ್ಲಿಗೆ ಒಬ್ಬೊಬ್ಬರ ಸರದು ಕಾರು ಹತ್ತಿದ್ರು. ಪೂರಾ ದಾರಿ ನಡದವರು ಸಾಲಿ ಮಕ್ಕಳು, ಅಂಗನವಾಡಿ ಹೆಣ್ಮಕ್ಕಳು, ಮತ್ತ ನಾನು. ನಾವು ಬೆವತು ಸಭಾದ ಜಾಗಕ್ಕ ಮುಟ್ಟೋದ್ರಾಗ ಅವ್ರು ಮಿರ್ಚಿ ಭಜಿ ತಿಂದು ಕೈ ಒರಸ್ಕೊಳ್ಳಾಕತ್ತಿದ್ರು. ನನಗ ನಗಿ ಬಂತು, ಅದರ ಹಿಂದ ಸಿಟ್ಟೂ ಬಂತು.

ಮೈಕ್ ಮುಂದ ನಿಂತೆ. ಕಾಗದದಾಗಿನ "ಮಾನ್ಯರೇ" ಅಂದೆ. ಮುಂದಿನ ಸಾಲು ಬಾಯಿಗೆ ಬರಲಿಲ್ಲ. ಕಾಗದ ಮಡಚಿ ಕೈಯಾಗ ಹಿಡದೆ.

"ಜನ ನಡದ್ರ ಲಾಭ ಐತ್ರಿ. ಖರೇನ ಐತಿ. ಗುಳಿಗಿ ಅಂಗಡ್ಯಾಗ ನಿಂತು ನಿಂತು ನನಗ ತಿಳದೈತಿ, ಒಂದು ಮನ್ಯಾಗ ಒಬ್ಬರ ಕಾಲು ನಿಂತ್ರ ಇಡೀ ಮನಿ ಕಾಲು ನಿಲ್ತಾವ. ಆದ್ರ ಈ ಲಾಭ ಯಾರ ಕಾಲಿಂದ ಬರ್ಬೇಕಂತ ಲೆಕ್ಕ ಹಾಕೀರಿ? ನಮ್ಮವ್ವ ನಾಟಿ ಹಚ್ಚಾಕಿ. ನೀವು ಉಣ್ಣೋ ಅನ್ನ ಅಕಿ ಬಗ್ಗಿ ಹಚ್ಚಿದ್ದು. ಅಕೀಗೆ ಚಟುವಟಿಕಿ ಕಡಿಮಿ ಆಗೈತಿ ಅಂತ ಹೇಳಾಕ ನಮಗ ಯಾವ ಮಾರಿ ಐತಿ? ಈಗ ಅಕಿ ಕುಂತಾಳಂದ್ರ ಅದು ಸೋಮಾರಿತನ ಅಲ್ಲ. ಜೀವಮಾನ ದುಡದದ್ದಕ್ಕ ಅಕೀಗೆ ಸಿಕ್ಕ ಪಿಂಚಣಿ ಅದೊಂದ, ಆ ಖುರ್ಚಿ. ಅದರಿಂದ ಅಕೀನ ಎಬ್ಬಿಸಬೇಕಂದ್ರ ನಾಡಿನ ಲಾಭ ಹೇಳಬ್ಯಾಡ್ರಿ. ಅಕಿ ಪಾಲು ಅಕೀಗೆ ಕೊಡ್ರಿ. ಮುಳ್ಳಿಲ್ಲದ ಮೈದಾನ ಕೊಡ್ರಿ. ಲಾರಿ ಮೈಮ್ಯಾಲ ಬರಲಾರ್ದಂಥ ದಾರಿ ಕೊಡ್ರಿ. ಹುಡುಗ್ಯಾರ ಆಟದ ಪೀರಿಯಡ್ ಕಸಕೋಬ್ಯಾಡ್ರಿ, ಅವು ಬೆಳದು ಹಿಂಗ ದವಾಖಾನಿ ಹಿಡಿಯೋದು ತಪ್ಪಲಿ. ಮತ್ತ ನೀವು ಮೊದಲು ಕಾರು ಬಿಟ್ಟು ಇಳೀರಿ. ನಮ್ಮವ್ವ ನಿಮ್ಮ ಸಲುವಾಗಿ ನಡದದ್ದು ಸಾಕು."

ವೇದಿಕಿ ಮ್ಯಾಲಿನವರು ಒಬ್ಬರ ಮಾರಿ ಒಬ್ಬರು ನೋಡಿದ್ರು. ಹಿಂದಿನ ಸಾಲಿನಾಗ ಅಂಗನವಾಡಿ ಹೆಣ್ಮಕ್ಕಳು ಚಪ್ಪಾಳಿ ಹೊಡದ್ರು, ಹೊಡದು, ನಿಲ್ಲಿಸಿ, ಮತ್ತ ಹೊಡದ್ರು. ಕೆಳಗ ಇಳದಾಗ ಹಿರಿಯರೊಬ್ರು ನನ್ನ ಬಾಜೂಕ ಕರದು, "ಟೀಚರ್, ನೀವು ವಿಷಯ ಬಿಟ್ಟು ಹೋದ್ರಿ" ಅಂದ್ರು. "ಇಲ್ರೀ ಸರ್, ವಿಷಯದಾಗ ಹೊಕ್ಕೀನಿ" ಅಂದೆ. ಮಿರ್ಚಿ ಉಳದಿರಲಿಲ್ಲ. ಹಸಕೊಂಡ ಬಸ್ ಹತ್ತಿದೆ.

ಮನಿಗೆ ಬಂದಾಗ ಅವ್ವ ಅಲ್ಲೇ ಕುಂತಿದ್ಳು. ಸಿಟ್ಟು ಇನ್ನೂ ಪೂರಾ ಇಳದಿರಲಿಲ್ಲ, ಆದ್ರೂ ಕೇಳಲಾರ್ದ ಇರಾಕ ಆಗ್ಲಿಲ್ಲ ಅಕೀಗೆ. "ಏನಂದಿ ಅಲ್ಲಿ?" ಅಂದ್ಳು. ಅಂದದ್ದನ್ನ ಅಂದಂಗ ಹೇಳಿದೆ. ಕಾರು ಬಿಟ್ಟು ಇಳೀರಿ ಅಂದದ್ದಕ್ಕ ಬಾಯಿ ಮ್ಯಾಲ ಸೆರಗು ಇಟ್ಕೊಂಡು ನಕ್ಕಳು. "ಹಂಗಂದ್ಯಾ? ಸಾಹೇಬ್ರಿಗೆ? ನೌಕರಿ ತಗದಾರೇನಬೇ ನಿಂದು?" ಅಂತ ಗಾಬ್ರಿ ಆದ್ಳು. ತಗ್ಯಾಂಗಿಲ್ಲ ಅಂದೆ. ಆಮ್ಯಾಲ, "ಇಲ್ಲಿತನ ನನಗ ನಡಿ ನಡಿ ಅಂದವರ ಭಾಳ. ನಡದದ್ದು ಸಾಕು ಅಂದಾಕಿ ನೀನೊಬ್ಬಾಕಿ" ಅಂದ್ಳು. ಉಣ್ಣಾಕ ನೀಡ್ಕೊಳ್ಳಾಕ ಒಳಗ ಹೋದೆ.

ಅದರ ಮರುದಿನಾನ ಎದ್ದು ನಡದಾಳು ಅಂತ ತಿಳದ್ರ ನಿಮಗ ನಮ್ಮವ್ವ ಗೊತ್ತಿಲ್ಲ. ಅಕಿ ಕುಂತಾ ಇದ್ಳು. ನಾನೂ ಹೇಳೋದು ಬಿಟ್ಟೆ. ಸಂಜಿಕೆ ಅಕಿ ಪಾದ ತೊಡಿ ಮ್ಯಾಲ ಇಟ್ಕೊಂಡು ಎಲ್ಯರ ಕೆಂಪಗಾಗೈತೇನು, ಸೀಳೈತೇನು ಅಂತ ನೋಡೋದು ಮಾತ್ರ ಬಿಡಲಿಲ್ಲ. ಹೇಳಿದ್ರ ಕೇಳಾಕಿ ಅಲ್ಲ, ಹೇಳಲಿಲ್ಲಂದ್ರ ಕಾಲು ಉಳಿಯಂಗಿಲ್ಲ. ಇಂಥಾ ಅವ್ವನ ಮಗಳಾಗಿ ನೋಡ್ರಿ.

ಮಳಿ ಸುರು ಆದ ಮ್ಯಾಲ ಒಂದು ದಿನ ನಾ ಸಾಲಿಗೆ ಹೊಂಟಾಗ ಅಕಿ ನನ್ನ ಕಾಲಾಗಿನ ಆಟದ ಬೂಟು ನೋಡಿ, "ಅಂಥಾವು ಬೂಟು ನನ್ನಂಥಾಕಿಗೂ ಸಿಗತಾವೇನು?" ಅಂತ ಕೇಳಿದ್ಳು. ಯಾಕ ಅಂತ ನಾ ಕೇಳಲಿಲ್ಲ, ಕೇಳಿದ್ರ ಬ್ಯಾಡ ಅಂತಾಳ ಅಂತ. ಸಂಜಿಕೆ ಬಜಾರಕ್ಕ ಆಟೋದಾಗ ಕರಕೊಂಡು ಹೋದೆ. ಅಂಗಡಿಯವ ಅಕಿ ಸೀರಿ ನೋಡಿ ರಬ್ಬರ್ ಚಪ್ಪಲಿ ಮುಂದಿಟ್ಟ. "ಬೂಟು ತೋರಸ್ರಿ" ಅಂದೆ. "ಯಾರಿಗ್ರಿ?" ಅಂದ. "ಈಕೀಗೆ!" ಅಂತ ನಾ ಅಂದದ್ದು ಬಾಜೂ ಅಂಗಡಿತನ ಕೇಳಿರಬೇಕು. ಕೆಸರಾಗ ಅಗಲ ಆದ ಪಾದ, ಹೆಣ್ಮಕ್ಕಳ ಬೂಟು ಒಂದೂ ಹಿಡೀಲಿಲ್ಲ. ಕಡೀಕ ಗಂಡಸರ ಬೂಟು ಹಿಡದ್ವು. ಅವ್ವ ಅಂಗಡ್ಯಾಗ ಆ ಗ್ವಾಡಿಯಿಂದ ಈ ಗ್ವಾಡಿತನ ನಡದು ನೋಡಿ, "ಹಾಸಿಗಿ ಮ್ಯಾಲ ನಡದಂಗ ಆಗ್ತೈತಿ" ಅಂದ್ಳು.

ಮುಂಜಾನೆ ಇಬ್ಬರೂ ಹೊಂಟ್ವಿ. ಮಂದಿ ನೋಡಿ ನಗಬಾರ್ದಂತ ಸೀರಿ ನೆರಿಗಿ ಇಳಿಬಿಟ್ಟು ಬೂಟು ಮುಚ್ಚಿದ್ಳು. ಸಿಂಧನೂರ ರಸ್ತಾ ಹಿಡದ್ವಿ. ನಾಟಿ ದಿನ, ಹಾದಿ ತುಂಬ ಕೂಲಿಯವರನ್ನ ಒಯ್ಯೋ ಟಂಟಂ ಆಟೋ ಓಡಾಕತ್ತಿದ್ವು. ಅವ್ವ ಒಂದೊಂದ ಹೆಜ್ಜಿ ಜ್ವಾಕಿಲೆ ಇಡಾಕತ್ತಿದ್ಳು, ನಾ ಅಕಿ ಕಾಲ ನೋಡಕೋಂತ ಹೊಂಟಿದ್ದೆ. ಆಗ ಒಂದು ಟಂಟಂ ನಮ್ಮ ಬಾಜೂಕ ಬಂದು ನಿಂತಿತು. ಒಳಗ ಹೆಣ್ಮಕ್ಕಳು ಒತ್ತಿಕೊಂಡು ಕುಂತಿದ್ರು. ಮುಂದ ಕುಂತ ಮೇಸ್ತ್ರಿ ತಲಿ ಹೊರಗ ಹಾಕಿ ಅವ್ವನ್ನ ಕೇಳಿದ, "ಯಾರ ಹೊಲಕ್ಕ ಹೊಂಟೀಬೇ? ನಮಗ ಒಬ್ಬಾಕಿ ಕಡಿಮಿ ಬಿದ್ದಾಳ, ಹತ್ತು."

ನನ್ನ ಮೈಯಲ್ಲಾ ಉರೀತು. ಅಕಿ ಇವತ್ತು ಒಂದು ದಿನ ಎದ್ದಾಳ, ಇವತ್ತ ಇವ ಹಿಂಗ ಕೇಳಬೇಕಾ! ಈಗ ಅಕಿ ಹೊಳ್ಳಿ ಹೋಗಿ ಆ ಖುರ್ಚ್ಯಾಗ ಕುಂತ್ರ ಮತ್ತ ಎಂದೂ ಏಳಾಂಗಿಲ್ಲ, ಕಾಲು ಹೋತು ಅಂತ ನನಗ ಖಾತ್ರಿ ಆತು. "ಏ, ಯಾರಂತ ತಿಳದೀಯೋ..." ಅಂತ ನಾ ಬಾಯಿ ತೆಗದೆ. ಅವ್ವ ನನ್ನ ರಟ್ಟಿ ಹಿಡದು ಹಿಂದ ಜಗ್ಗಿದ್ಳು.

"ಯಾರ ಹೊಲಕ್ಕೂ ಇಲ್ಲಪ್ಪ," ಅಂದ್ಳು.

"ಮತ್ತ ಇಷ್ಟೊತ್ತಿಗೆ ಎಲ್ಲಿಗೆ?"

"ಎಲ್ಲಿಗೂ ಇಲ್ಲ. ಸುಮ್ನ ನಡ್ಯಾಕತ್ತೀನಿ."

"ಸುಮ್ನ?" ಮೇಸ್ತ್ರಿಗೆ ನಗಿ ಬಂತು.

"ಹೂಂ, ಸುಮ್ನ. ಯಾಕ, ನಾವು ಸುಮ್ನ ನಡೀಬಾರ್ದೇನು?" ಅವ್ವ ಅಂದ್ಳು. ನೆರಿಗಿ ಎತ್ತಿ ಹಿಡದು ಬೂಟು ತೋರಿಸಿದ್ಳು. "ನೋಡು. ಇವನ್ನ ಹಾಕ್ಕೊಂಡು ಯಾರರ ನಾಟಿಗೆ ಹೊಕ್ಕಾರೇನು?"

ಟಂಟಂದಾಗಿನ ಹೆಣ್ಮಕ್ಕಳು ಹೋ ಅಂತ ನಕ್ರು. ಅದ್ರಾಗ ನಮ್ಮವ್ವನ ವಾರಿಗಿ ಹೆಣ್ಮಗಳೊಬ್ಬಾಕಿ ನಗಲಿಲ್ಲ, ಬೂಟು ನೋಡ್ಕೋಂತ ಕುಂತಿದ್ಳು. ಗಾಡಿ ಹೊಂಡೋ ಮುಂದ ಹೊರಗ ಬಗ್ಗಿ, "ಯಕ್ಕಾ, ನಮ್ಮ ಪಾಲಿಂದೂ ಒಂದೀಟು ನಡದು ಬಿಡು" ಅಂದ್ಳು.

"ಅದಾಗಂಗಿಲ್ಲಬೇ," ಅವ್ವ ಕೂಗಿದ್ಳು. "ಮಂದಿ ಪಾಲಿಂದು ನಡದು ನಡದು ನನಗ ಸಾಕಾಗೈತಿ. ನಿಂದು ನೀನ ಬಂದು ನಡಿ, ಐತವಾರ ಬಾ!"

ಟಂಟಂ ಹೋತು. ನಾ ಅಲ್ಲೇ ನಿಂತಿದ್ದೆ. ಅವ್ವ ನಾಲ್ಕು ಹೆಜ್ಜಿ ಮುಂದ ಹೋಗಿ ಹೊಳ್ಳಿ ನೋಡಿ, "ಪಿ.ಟಿ. ಟೀಚರ್ ಆಗಿ ಹಿಂದ ಬೀಳ್ತೀದೇನಬೇ? ಬಾ" ಅಂದ್ಳು.